ಹೂಂ, ಜಲೀಲಣ್ಣ

ನವೆಂಬರ್ ೩, ಸೋಮವಾರ

ಇವತ್ತಿನಿಂದ ಬರೆಯುತ್ತಿದ್ದೇನೆ. ಹೆಂಡತಿ ಮುಮ್ತಾಜಳ ಆಜ್ಞೆ. ಊಟಕ್ಕೆ ಕೂತಾಗ ನಿನ್ನೆಯ ಆಟದ ಕಥೆ ಶುರು ಮಾಡಿದ್ದೆ. ಇನ್ನೂ ಆಟದೊಳಗಿನ ಗೋದಾಮಿನ ಬಾಗಿಲಿಗೂ ಬಂದಿರಲಿಲ್ಲ, ಅವಳು ಸೌಟು ಕೆಳಗಿಟ್ಟು, "ನಿಮ್ಮ ಬಂದೂಕಿನ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಹೇಳಲೇಬೇಕಿದ್ದರೆ ಬರೆದಿಡಿ, ಪುರಸೊತ್ತಾದಾಗ ಓದುತ್ತೇನೆ" ಅಂದಳು. ಓದುವುದಿಲ್ಲ ಎಂದು ನನಗೆ ಗೊತ್ತು. ಕನ್ನಡ ಓದುವುದೆಂದರೆ ಅವಳಿಗೆ ಅಷ್ಟಕ್ಕಷ್ಟೆ. ನಮ್ಮ ಮನೆಮಾತು ಉರ್ದು. ಆದರೆ ನಾನು ಕಲಿತದ್ದು ಯಲ್ಲಾಪುರದ ಕನ್ನಡ ಶಾಲೆಯಲ್ಲಿ, ಬರೆಯಲು ಕೂತರೆ ಕೈಗೆ ಬರುವುದು ಕನ್ನಡವೇ.

ಸರಿ, ಬರೆಯುತ್ತೇನೆ. ನಿನ್ನೆ ನಾವು ಗೆದ್ದೆವು! ಹಳಿಯಾಳದವರಿಗೆ ಮಣ್ಣು ಮುಕ್ಕಿಸಿ ಗೆದ್ದೆವು! ಫೈನಲ್ ಈ ತಿಂಗಳ ಕೊನೆಯ ಭಾನುವಾರ, ಶಿರಸಿಯಲ್ಲಿ.

ಮೊಬೈಲಿನಲ್ಲಿ ಆಡುವ ಬಂದೂಕಿನ ಆಟ. ಈ ಕಡೆ ನಾಲ್ವರು, ಆ ಕಡೆ ನಾಲ್ವರು. ಯಾರ ಕಡೆಯವರು ಕೊನೆಗೆ ಉಳಿಯುತ್ತಾರೋ ಆ ಸುತ್ತು ಅವರದು. ನಮ್ಮ ತಂಡದ ಹೆಸರು ಘಟ್ಟದ ಹುಲಿ. ನಾಯಕ ನಾನು. ಉಳಿದವರು ಕಾವ್ಯಶ್ರೀ, ಉದಯ, ಚೌಡ. ಕಾವ್ಯಶ್ರೀ ಸಿದ್ದಾಪುರದ ದೊಡ್ಮನೆ ಕಡೆಯ ಸೊಸೆ, ಅಲ್ಲಿಯ ಸೊಸೈಟಿಯಲ್ಲಿ ಕೆಲಸ. ಉದಯ ವಾನಳ್ಳಿಯವನು, ಶಿರಸಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದಾನೆ. ಚೌಡ ಹುಲಗೋಳದಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡು ತನ್ನ ಗದ್ದೆಯನ್ನೂ ಊರವರ ಗದ್ದೆಯನ್ನೂ ಉಳುತ್ತಾನೆ. ಮೂವರ ಮುಖವನ್ನೂ ಇನ್ನೂ ನೋಡಿಲ್ಲ. ಆಟದಲ್ಲೇ ಆದ ಗೆಳೆತನ. ಅವರವರ ಮನೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಮಾತಾಡಿಕೊಂಡು ಆಡುತ್ತೇವೆ. ನನಗಿಂತ ಚಿಕ್ಕವರು, ಹಾಗಾಗಿ ನಾನು ಜಲೀಲಣ್ಣ. ನಾನೊಂದು ಹೇಳಿದರೆ ಸಾಕು, "ಹೂಂ ಅಣ್ಣ, ಹೂಂ ಅಣ್ಣ." ಇಂಥ ಶಿಸ್ತು ನನ್ನ ಲಾರಿ ಡ್ರೈವರುಗಳಿಗೆ ಇದ್ದಿದ್ದರೆ ನಾನು ಯಾವತ್ತೋ ಉದ್ಧಾರವಾಗುತ್ತಿದ್ದೆ.

ನನ್ನದು ಲಾರಿ ಬುಕಿಂಗ್ ಆಫೀಸು. ಹೆದ್ದಾರಿ ಪಕ್ಕ, ಅಬ್ಬಾ ಬಿಟ್ಟುಹೋದದ್ದು. ಅರಬೈಲ್ ಘಟ್ಟದಲ್ಲಿ ಸಿಗ್ನಲ್ ಸಿಗುವುದು ಪುಣ್ಯವಂತರಿಗೆ ಮಾತ್ರ. ಕೂಗದಿದ್ದರೆ ಡ್ರೈವರಿಗೆ ಕೇಳುವುದಿಲ್ಲ. ಕೂಗಿ ಕೂಗಿ ಪಳಗಿದ ಗಂಟಲು ನನ್ನದು, ಅದೇ ಈಗ ಆಟದಲ್ಲಿ ಉಪಯೋಗಕ್ಕೆ ಬಂದಿದೆ. ಈಗಿನವರಿಗೆ ಗುರಿಯಿಡಲು ಬರುತ್ತದೆ, ಮಾತಾಡಲು ಬರುವುದಿಲ್ಲ. ಎಡಕ್ಕೆ ಹೋಗು, ಬಗ್ಗು, ಅಲ್ಲಲ್ಲ, ಈ ಕಡೆ, ಯಾಕೆ ನಿಂತೆ, ನುಗ್ಗು! ಯಾರಾದರೊಬ್ಬರು ಹೇಳುತ್ತಲೇ ಇರಬೇಕು. ಈ ಆಟ ಗೆಲ್ಲುವುದು ಗುರಿಯಿಂದಲ್ಲ, ಗಂಟಲಿನಿಂದ.

ಫೈನಲ್ ಗೆಲ್ಲಲೇಬೇಕು. ಈ ವಯಸ್ಸಿನಲ್ಲಿ ನನ್ನ ಮಾತು ಕೇಳುವ ಇನ್ನೊಂದು ತಂಡ ಎಲ್ಲಿ ಸಿಗುತ್ತದೆ?

ನವೆಂಬರ್ ೬, ಗುರುವಾರ

ಆಸ್ಪತ್ರೆಯಿಂದ ಈಗಷ್ಟೇ ಬಂದು ಬರೆಯಲು ಕೂತಿದ್ದೇನೆ.

ಸಂಜೆ ಆಫೀಸು ಮುಚ್ಚಿ ಅಭ್ಯಾಸಕ್ಕೆ ಕೂತಿದ್ದೆ. ಬಚ್ಚಲಿನಲ್ಲಿ ಧಡ್ ಎಂದಿತು. ಮುಮ್ತಾಜ್ ಕಿರುಚಿದಳು. ಅಮ್ಮಿ ಕಾಲು ಜಾರಿ ಬಿದ್ದಿದ್ದಳು. ನಾನು ಏಳುತ್ತಾ ಮೈಕಿನಲ್ಲಿ ಹೇಳಿದೆ, ಸ್ಪಷ್ಟವಾಗಿ ಹೇಳಿದೆ, "ಅಮ್ಮಿ ಬಿದ್ದಳು! ಬಚ್ಚಲಲ್ಲಿ ಬಿದ್ದಳು! ನಾನು ಹೊರಟೆ!"

ಕಾವ್ಯಶ್ರೀ ಅಂದಳು, "ಹೂಂ ಅಣ್ಣ, ಚಲೋ ಆತು."

ಉದಯ ಅಂದ, "ಹಾಂಗೇ ಮಾಡಿ ಅಣ್ಣ."

ಚೌಡ ಏನಕ್ಕೋ ನಗುತ್ತಿದ್ದ.

ಅಮ್ಮಿಯ ಬಲಗೈ ಮಣಿಕಟ್ಟು ಮುರಿದಿದೆ. ಪ್ಲಾಸ್ಟರ್ ಹಾಕಿಸಿ ಕರೆತಂದೆವು. ಈಗ ಮಲಗಿದ್ದಾಳೆ. ನನಗೆ ಮಾತ್ರ ಆ ಮಾತು ಕಿವಿಯಿಂದ ಹೋಗುತ್ತಿಲ್ಲ. ಚಲೋ ಆತಂತೆ! ಒಬ್ಬ ಮುದುಕಿ ಬಿದ್ದರೆ ಚಲೋ ಆತಂತೆ! ವೈರಿಗೂ ಹಾಗನ್ನುವುದಿಲ್ಲವಲ್ಲ!

ನವೆಂಬರ್ ೭, ಶುಕ್ರವಾರ

ಒಬ್ಬರೂ ಫೋನು ಮಾಡಲಿಲ್ಲ. ಅಮ್ಮಿ ಹೇಗಿದ್ದಾಳೆ ಎಂದು ಒಂದು ಮೆಸೇಜಿಲ್ಲ. ಕಾವ್ಯಶ್ರೀ ಮಧ್ಯಾಹ್ನ ಗ್ರೂಪಿನಲ್ಲಿ ಹಾಕಿದ್ದಾಳೆ: "ಭಾನುವಾರ ಶಿರಸಿಗೆ ಎಲ್ಲರೂ ಬರ್ಬೇಕು, ಹೆಸರು ನೋಂದಣಿ." ಅದರ ಕೆಳಗೆ ಹುಲಿಯ ಚಿತ್ರ.

ಮನಸ್ಸು ಕೆಟ್ಟ ದಾರಿ ಹಿಡಿಯಿತು. ನಾವು ಬೇರೆಯವರು ಎಂದೇ ಹೀಗೆ ಇರಬಹುದೇ, ಬಾಯಲ್ಲಿ ಅಣ್ಣ, ಹೊಟ್ಟೆಯಲ್ಲಿ ಇನ್ನೊಂದೇ? ಮುಮ್ತಾಜಳಿಗೆ ಹೇಳಿಯೂ ಬಿಟ್ಟೆ. ಅವಳು ನನ್ನ ಮುಖವನ್ನೇ ನೋಡಿ, "ಹುಚ್ಚು ಹಿಡಿದಿದೆಯಾ ನಿಮಗೆ? ಹೋಗಿ ಎದುರಿಗೇ ಕೇಳಿ. ಊಹಿಸಿಕೊಂಡು ಸಾಯಬೇಡಿ" ಅಂದಳು.

ಭಾನುವಾರ ಹೋಗುತ್ತೇನೆ. ಕೇಳಿಯೇ ಬರುತ್ತೇನೆ.

ನವೆಂಬರ್ ೯, ಭಾನುವಾರ

ಯಾ ಅಲ್ಲಾ. ಎಲ್ಲಿಂದ ಬರೆಯಲಿ?

ಮೂವರೂ ಬಸ್‌ಸ್ಟ್ಯಾಂಡಿನಲ್ಲೇ ನನಗೆ ಕಾದಿದ್ದರು. ಮೊದಲ ಸಲ ಮುಖ ನೋಡಿದ್ದು. ಉದಯ ಬೆಳ್ಳಗೆ, ಸಣ್ಣಗೆ, ಕೈ ಜೋಡಿಸಿಕೊಂಡೇ ಮಾತಾಡುವವನು. ಚೌಡ ನನ್ನ ಎರಡರಷ್ಟಿದ್ದಾನೆ. ಕಾವ್ಯಶ್ರೀ ನನ್ನ ಕೈಯಿಂದ ಚೀಲ ಕಸಿದುಕೊಂಡು, "ಅಣ್ಣ, ಮೊದಲು ಬನ್ಸ್ ತಿನ್ನನ" ಅಂದಳು. ಅಷ್ಟು ಪ್ರೀತಿ! ಇವಳೇನಾ ಅಮ್ಮಿ ಬಿದ್ದದ್ದು ಚಲೋ ಆತು ಅಂದವಳು ಎಂದು ನನಗೆ ತಲೆ ಕೆಟ್ಟಿತು. ಕೇಳಲು ಬಾಯಿ ಬರಲಿಲ್ಲ.

ಹೆಸರು ಬರೆಸಿದ ಮೇಲೆ ಪಂದ್ಯ ನಡೆಸುವ ಸಂಘದವರು, "ಫೋನ್ ಎಲ್ಲಾ ಸರಿ ಇದ್ಯಾ ನೋಡ್ಕಳಿ, ಒಂದು ಸುತ್ತು ಆಡಿ" ಎಂದು ನಾಲ್ವರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದರು. ನನ್ನ ಎಡಕ್ಕೆ ಕಾವ್ಯಶ್ರೀ. ಆಟ ಶುರುವಾಗುವ ಮೊದಲು ಅವಳ ಫೋನಿನ ಮೇಲೆ ಕಣ್ಣು ಬಿತ್ತು. ನಾಲ್ಕು ಹೆಸರು, ಪ್ರತಿ ಹೆಸರಿನ ಮುಂದೆ ಒಂದು ಸಣ್ಣ ಸ್ಪೀಕರಿನ ಗುರುತು. ನನ್ನ ಹೆಸರಿನ ಸ್ಪೀಕರಿನ ಮೇಲೆ ಕೆಂಪು ಗೀಟು.

"ಇದೇನು ತಂಗಿ?" ಅಂದೆ.

ಅವಳು ಫೋನನ್ನು ಎದೆಗೆ ಒತ್ತಿಕೊಂಡಳು. ಮುಖ ಸುಣ್ಣದ ಹಾಗಾಯಿತು. "ಅಣ್ಣ... ಅದು... ಕೈ ತಾಗಿ ಆಗಿಕ್ಕು."

ಕೈ ತಾಗಿ ಆಗುವುದಲ್ಲ ಅದು. ನನ್ನ ದನಿಯನ್ನು ಬಂದ್ ಮಾಡಿಟ್ಟಿದ್ದಾಳೆ. ನಾನು ಮಾತಾಡಿದರೆ ಅವಳಿಗೆ ಕೇಳುವುದೇ ಇಲ್ಲ! ಹೆಸರಿನ ಪಕ್ಕ ದೀಪ ಮಿನುಗುತ್ತದೆ, ಅಷ್ಟೆ. ದೀಪ ಮಿನುಗಿದಾಗೆಲ್ಲ "ಹೂಂ ಅಣ್ಣ" ಅನ್ನುತ್ತಿದ್ದಳಂತೆ. ಅಜ್ಜಿ ಕಥೆ ಹೇಳುವಾಗ ಅರೆನಿದ್ದೆಯಲ್ಲಿ ಮಕ್ಕಳು ಹೂಂಗುಟ್ಟುತ್ತಾರಲ್ಲ, ಹಾಗೆ.

ನಾನು ಉದಯನ ಕಡೆ ತಿರುಗಿ, "ಕಂಡೆಯಾ ಇವಳ ಕೆಲಸ?" ಅಂದೆ. ಉದಯ ತನ್ನ ಫೋನನ್ನು ಮೆಲ್ಲನೆ ಅಂಗಿಯ ಜೇಬಿಗೆ ಇಳಿಸುತ್ತಿದ್ದ. ಕಸಿದು ನೋಡಿದೆ. ಕೆಂಪು ಗೀಟು! ಚೌಡನದೂ ನೋಡಿದೆ. ಕೆಂಪು ಗೀಟು!

ಅದಕ್ಕಿಂತ ಸೋಜಿಗವೆಂದರೆ, ಅವರು ಮೂವರೂ ಒಬ್ಬರ ಮುಖ ಒಬ್ಬರು ನೋಡಿ ನನ್ನಷ್ಟೇ ಬೆಚ್ಚಿಬಿದ್ದರು. ಪ್ರತಿಯೊಬ್ಬರೂ ತಾವೊಬ್ಬರೇ ಹಾಗೆ ಮಾಡಿದ್ದು, ಉಳಿದವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದರಂತೆ.

"ನೀನೂವಾ?" ಎಂದಳು ಕಾವ್ಯಶ್ರೀ.

"ಆನು ಚೌತಿ ಹಬ್ಬದ ಮೇಲೆ ಬಂದ್ ಮಾಡಿದ್ದು" ಎಂದ ಉದಯ, ನೆಲ ನೋಡಿಕೊಂಡು. "ಕಾವ್ಯಕ್ಕ ಕೇಳ್ತಾ ಇದ್ದು, ಒಬ್ಬಂವ ಕೇಳದಿದ್ರೂ ನಡೆಗು ಅಂದ್ಕಂಡಿದ್ದೆ."

"ನಾ ಮೊದಲ್ನೇ ದಿನದಿಂದ್ಲೇ" ಎಂದ ಚೌಡ. ಆಮೇಲೆ ನನ್ನ ಮುಖ ನೋಡಿ, "ತಪ್ಪು ತಿಳ್ಕಬೇಡಿ ಅಣ್ಣ. ನಿಮ್ಮ ದನಿ ಬಂದ್ರೆ ಎದ್ರಾಳಿ ಬೂಟಿನ ಸದ್ದು ಕೇಳ್ತಿರ್ಲಿಲ್ಲ" ಎಂದ.

"ಹೇಳಬಹುದಿತ್ತಲ್ಲ!" ಎಂದು ಕೂಗಿದೆ.

"ಹ್ಯಾಂಗೆ ಹೇಳದು ಅಣ್ಣ, ದೊಡ್ಡವ್ರಿಗೆ?" ಅಂದಳು ಕಾವ್ಯಶ್ರೀ. ನಿಜವಾಗಿಯೂ ತಿಳಿಯದೆ ಕೇಳಿದಳು.

ಹಾಗಾದರೆ ಇಷ್ಟು ಪಂದ್ಯ ಗೆದ್ದದ್ದು ಹೇಗೆ? ಅದನ್ನೂ ಕೇಳಿದೆ. ಕೇಳಬಾರದಿತ್ತು. ನಾನು ಕೂಗಿಕೊಂಡು ಎಲ್ಲರಿಗಿಂತ ಮುಂದೆ ಓಡುತ್ತೇನಂತೆ. ಎದುರಾಳಿಗಳೆಲ್ಲ ನನ್ನ ಬೆನ್ನು ಹತ್ತುತ್ತಾರಂತೆ. ಆಗ ಇವರು ಮೂವರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಹಿಂದಿನಿಂದ ಬಂದು ಅವರನ್ನು ಮುಗಿಸುತ್ತಾರಂತೆ. "ನಾವು ಮಾತಾಡಿದ್ದು ನಿಮಗೆ ಕೇಳ್ತಿತ್ತಲ್ಲ ಅಣ್ಣ, ನಾವು ನಿಮ್ಮಿಂದ ಎಂತದೂ ಮುಚ್ಚಿಟ್ಟಿದ್ದಿಲ್ಲೆ" ಅಂದ ಉದಯ.

ಆ ಹೂಂ ಬಿಟ್ಟರೆ ನನಗೆ ಒಂದು ಮಾತೂ ಕೇಳಿರಲಿಲ್ಲ. ನಾನು ಮಾತಾಡುತ್ತಿದ್ದೆನಲ್ಲ.

ಎದ್ದು ಬಂದೆ. ಅಮ್ಮಿಯ ವಿಷಯ ಎತ್ತಲೇ ಇಲ್ಲ.

ನವೆಂಬರ್ ೧೦, ಸೋಮವಾರ

ಗ್ರೂಪು ಬಿಟ್ಟೆ. ನಾಯಕನಂತೆ ನಾಯಕ! ಗಾಳಕ್ಕೆ ಸಿಕ್ಕಿಸಿದ ಎರೆಹುಳ!

ನವೆಂಬರ್ ೧೩, ಗುರುವಾರ

ಇವತ್ತಿನದನ್ನು ಮುಮ್ತಾಜಳಿಗೂ ಹೇಳಿಲ್ಲ.

ಹಾವೇರಿ ಕಡೆಯ ಡ್ರೈವರ್ ಶಿವಪುತ್ರಪ್ಪ ಅಂಕೋಲಾಕ್ಕೆ ಲೋಡು ಒಯ್ಯಬೇಕಿತ್ತು. ಎಲ್ಲಿ ಸತ್ತಿದ್ದಾನೆ ಎಂದು ಫೋನು ಹಚ್ಚಿದೆ. "ಹೊಂಟೇನ್ರಿ ಸಾಹೇಬ್ರ" ಅಂದ. ತಡ ಮಾಡಿದ್ದಕ್ಕೆ, ಹಿಂದಿನ ಸಲ ಲೋಡಿನ ಮೇಲೆ ತಾಡಪಾಲು ಕಟ್ಟದೇ ಇದ್ದದ್ದಕ್ಕೆ, ಅದರ ಹಿಂದಿನ ಸಲದ್ದಕ್ಕೆ, ಎಲ್ಲಾ ಸೇರಿಸಿ ಬೈಯುತ್ತಾ ಆಫೀಸಿನಿಂದ ಹೊರಗೆ ಬಂದೆ. "ಹೂನ್ರಿ... ಹೂನ್ರಿ ಸಾಹೇಬ್ರ..." ಅನ್ನುತ್ತಿದ್ದ.

ರಸ್ತೆಯ ಆಚೆ ಅವನ ಲಾರಿ ನಿಂತಿತ್ತು. ಪಕ್ಕದಲ್ಲಿ ಚಹಾದಂಗಡಿ. ಬೆಂಚಿನ ಮೇಲೆ ಶಿವಪುತ್ರಪ್ಪ ಬಸಿಯಲ್ಲಿ ಚಹಾ ಹೊಯ್ದುಕೊಂಡು ಊದಿ ಊದಿ ಕುಡಿಯುತ್ತಿದ್ದ. ಫೋನು ಬೆಂಚಿನ ಆ ತುದಿಯಲ್ಲಿ ಮಲಗಿತ್ತು. ಒಂದು ಗುಟುಕು ಕುಡಿಯುವುದು, ಫೋನಿನ ಕಡೆ ಬಗ್ಗಿ "ಹೂನ್ರಿ ಸಾಹೇಬ್ರ" ಅನ್ನುವುದು, ಇನ್ನೊಂದು ಗುಟುಕು ಕುಡಿಯುವುದು. ಅಂಗಡಿಯವನು ನಗುತ್ತಲೂ ಇರಲಿಲ್ಲ. ದಿನಾ ನೋಡುವವನ ಹಾಗೆ ಬಾಂಡ್ಲಿ ತಿಕ್ಕುತ್ತಿದ್ದ.

ನಾನು ಸದ್ದಿಲ್ಲದೆ ಒಳಗೆ ಬಂದು ಕುರ್ಚಿಯಲ್ಲಿ ಕೂತೆ. ಈ ಊರಲ್ಲಿ ನನ್ನ ಮಾತು ಯಾರಾದರೂ ಕೇಳಿದ್ದಾರಾ, ಎಂದಾದರೂ?

ನವೆಂಬರ್ ೧೬, ಭಾನುವಾರ

ಬಂದರು. ಮೂವರೂ ಬೆಳಗಿನ ಬಸ್ಸಿಗೇ ಬಂದು ಆಫೀಸಿನ ಬೆಂಚಿನ ಮೇಲೆ ಸಾಲಾಗಿ ಕೂತರು. ಕಾವ್ಯಶ್ರೀ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ತಂದಿದ್ದಳು. ಚೌಡ ಒಂದು ದೊಡ್ಡ ಮೊಗೆಸೌತೆಕಾಯಿಯನ್ನು ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದ.

ಏನು ಹೇಳುತ್ತಾರೋ ಎಂದು ನಾನು ಮುಖ ಗಂಟು ಹಾಕಿಕೊಂಡು ಕೂತೆ. ಉದಯ ಗಂಟಲು ಸರಿಮಾಡಿಕೊಂಡು, "ರಸ್ತೆ ಈಗ ಅಡ್ಡಿಲ್ಲೆ ಅಣ್ಣ, ಹೊಂಡ ಎಲ್ಲ ಮುಚ್ಚಿದ್ದ" ಅಂದ. ಚೌಡ ಭತ್ತದ ಕೊಯ್ಲಿನ ವಿಷಯ ಹೇಳಿದ. ಕಾವ್ಯಶ್ರೀ ಸೊಸೈಟಿಯಲ್ಲಿ ಕಂಪ್ಯೂಟರು ಕೆಟ್ಟದ್ದು ಹೇಳಿದಳು. ಮತ್ತೆ ರಸ್ತೆಯ ಕಡೆಗೇ ಬಂದರು. ಚಹಾ ಆಯಿತು, ಇನ್ನೊಂದು ಸಲ ಚಹಾ ಆಯಿತು. ಬಂದ ವಿಷಯವನ್ನು ಒಬ್ಬರೂ ಬಾಯಿಬಿಡಲಿಲ್ಲ. ಕೊನೆಗೆ ಉದಯ ಎದ್ದು, "ಹಂಗಾರೆ ಬರ್ತ್ಯ ಅಣ್ಣ" ಅಂದ. ನಾನೂ ತಲೆಯಾಡಿಸಿದೆ!

ಮುಮ್ತಾಜ್ ಒಳಗಿನಿಂದ ಎಲ್ಲಾ ಕೇಳಿಸಿಕೊಳ್ಳುತ್ತಿದ್ದವಳು ಹೊರಗೆ ಬಂದಳು. "ಊಟ ಮಾಡದೆ ಯಾರೂ ಹೋಗುವುದಿಲ್ಲ" ಎಂದು ಮೂವರನ್ನೂ ಆಫೀಸಿನ ಹಿಂದಿರುವ ಮನೆಗೆ ಕರೆದೊಯ್ದಳು. ಅಲ್ಲಿ ಅಮ್ಮಿ ಕೂತಿದ್ದಳು, ಪ್ಲಾಸ್ಟರಿನ ಕೈ ತಲೆದಿಂಬಿನ ಮೇಲಿಟ್ಟುಕೊಂಡು.

"ಅಯ್ಯೋ, ಕೈಗೆ ಎಂತಾತು ಅಮ್ಮಾ?" ಎಂದಳು ಕಾವ್ಯಶ್ರೀ.

"ಬಚ್ಚಲಲ್ಲಿ ಬಿದ್ದೆ ಬೇಟಿ. ಆವತ್ತು ಗುರುವಾರ, ಇವನು ಆಡ್ತಾ ಇದ್ದಾಗ."

"ಅಣ್ಣ, ನಮಗೆ ಹೇಳಲೇ ಇಲ್ಲೆ ನೀವು!"

"ಹೇಳಿದೆ" ಅಂದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು. "ಅಮ್ಮಿ ಬಿದ್ದಳು ಎಂದು ಕೂಗಿ ಹೇಳಿದೆ. ನೀನು, ಹೂಂ ಅಣ್ಣ, ಚಲೋ ಆತು ಅಂದೆ."

ಉದಯ "ರಾಮಾ" ಎಂದು ಗೋಡೆಗೆ ಒರಗಿದ. ಕಾವ್ಯಶ್ರೀ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತೇ ಇದ್ದಳು, ಕಣ್ಣಿಂದ ನೀರು ಧಾರಾಕಾರ. ಆಮೇಲೆ ಅಮ್ಮಿಯ ಕಾಲ ಬಳಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನು ಇದನ್ನು ಎಣಿಸಿರಲಿಲ್ಲ. ಅವಳಿಗೆ ನಾಟಬೇಕೆಂದೇ ಹೇಳಿದ್ದೆ, ಆದರೆ ಇಷ್ಟು ನಾಟಬಾರದಿತ್ತು.

ಅಮ್ಮಿಗೆ ತಲೆಬುಡ ತಿಳಿಯಲಿಲ್ಲ. ಮುಮ್ತಾಜ್ ಉರ್ದುವಿನಲ್ಲಿ ಬಿಡಿಸಿ ಹೇಳಿದಳು. ಕೇಳಿ ಅಮ್ಮಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳಲ್ಲ! ಕಾವ್ಯಶ್ರೀಯ ತಲೆ ಸವರಿ, "ಅಳಬೇಡ ಬೇಟಿ. ಇವನು ಮಾತು ಕಲಿತ ದಿನದಿಂದ ನಾನೂ ಹೂಂ ಅಂತಾನೇ ಇದ್ದೀನಿ" ಅಂದಳು. ಹೆತ್ತ ತಾಯಿ!

ಮುಮ್ತಾಜ್ ಸೊಂಟಕ್ಕೆ ಕೈಯಿಟ್ಟು ನಿಂತಳು. "ಇವರು ಅಷ್ಟು ದೂರದಿಂದ ಬಂದದ್ದು ಹೇಳುವುದಕ್ಕೆ. ಹೇಳಲು ಬಾಯಿ ಬರುತ್ತಿಲ್ಲ. ನಿಮಗೆ ಕೇಳಲು ಕಿವಿ ಬರುತ್ತಿಲ್ಲ. ಒಳ್ಳೇ ತಂಡ!" ಅಂದಳು.

ಊಟ ಮಾಡುತ್ತಾ ಮಾತಾಯಿತು. ಕೆಂಪು ಗೀಟು ಮೂವರೂ ನನ್ನೆದುರಿಗೇ ತೆಗೆದರು. ನಾನು ಒಪ್ಪಿಕೊಂಡದ್ದು: ಎದುರಾಳಿ ಎಲ್ಲಿ, ಎಷ್ಟು ಜನ, ಅಷ್ಟೇ ಹೇಳುವುದು. ಹೇಳಿ ಬಾಯಿ ಮುಚ್ಚುವುದು. ಅವರು ಒಪ್ಪಿಕೊಂಡದ್ದು: ಬೇಡ ಅನ್ನಿಸಿದರೆ "ಬ್ಯಾಡ" ಎಂದು ಮುಖದ ಮೇಲೆ ಹೇಳುವುದು. ಇದನ್ನು ಒಪ್ಪಿಸಲು ಮೊದಲನೆಯದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.

ನವೆಂಬರ್ ೧೮, ಮಂಗಳವಾರ

ಸೋತೆವು. ಆದರೆ ಇವತ್ತು ಮೊದಲ ಸಲ ಅವರ ಮಾತು ಕೇಳಿಸಿತು. ಕೇಳಿ ದಂಗಾದೆ!

ಉದಯನ ಬೆನ್ನ ಹಿಂದೆ ಎದುರಾಳಿ ಬಂದಿದ್ದಾನೆ. ಅದನ್ನು ಅವನು ಹೇಳುವುದು ಹೀಗೆ: "ಅಣ್ಣ, ನಂಗೆ ಎಂತೋ ಹಿಂದೆ ಯಾರೋ ಇದ್ದ ಹಾಂಗೆ ಕಾಣ್ತು, ತಪ್ಪಾಗಿಕ್ಕು, ನಿಮಗೆ ಪುರಸೊತ್ತಿದ್ರೆ ಒಂಚೂರು..." ಅಷ್ಟು ಹೊತ್ತಿಗೆ ಅವನು ಸತ್ತು ಸ್ವರ್ಗ ಸೇರಿರುತ್ತಾನೆ. ಕಾವ್ಯಶ್ರೀ ಸತ್ತರೆ ಸತ್ತೆ ಅನ್ನುವುದಿಲ್ಲ. ದೀಪ ಹಚ್ಚುವ ಹೊತ್ತಿನಲ್ಲಿ ಆ ಮಾತು ಆಡಬಾರದೆಂದು ಅತ್ತೆ ಗದರುತ್ತಾರಂತೆ. ಅದಕ್ಕೆ ಸತ್ತ ಮೇಲೆ ಗಪ್‌ಚಿಪ್. ಅವಳು ಇದ್ದಾಳೆ ಎಂದುಕೊಂಡೇ ನಾವು ಮೂವರು ಮುಂದೆ ಹೋಗಿ ಸಾಯುತ್ತೇವೆ. ಚೌಡ ಮಾತ್ರ ಸ್ವಲ್ಪ ನೇರ. ಅವನಿಗೂ "ಬ್ಯಾಡ" ಅನ್ನು ಎಂದರೆ "ನೋಡ್ವ ಅಣ್ಣ" ಅನ್ನುತ್ತಾನೆ.

ಇವರಿಗೆ ಒರಟುತನ ಕಲಿಸಬೇಕಾಗಿದೆ, ಅದೂ ನಾನು. ಎರಡು ಸಲ ಕೂಗಬೇಕೆನಿಸಿತು. ನಾಲಗೆ ಕಚ್ಚಿಕೊಂಡೆ.

ನವೆಂಬರ್ ೨೧, ಶುಕ್ರವಾರ

ಕಾವ್ಯಶ್ರೀ ಇವತ್ತು "ಬ್ಯಾಡ ಅಣ್ಣ, ನಿಲ್ಲಿ" ಅಂದಳು! ಅಂದವಳೇ ಸುತ್ತು ಮುಗಿಯುವವರೆಗೆ ಕ್ಷಮೆ ಕೇಳಿದಳು. ನಿಂತೆ. ನಿಂತದ್ದಕ್ಕೆ ಗೆದ್ದೆವು. ಅವಳು ಹೇಳಿದ್ದು ಸರಿಯಿತ್ತು. ನಂಬಲು ಆಗುತ್ತಿಲ್ಲ, ಇಷ್ಟು ದಿನ ಇವಳ ಈ ತಲೆ ಎಲ್ಲಿತ್ತು?

ಬಚ್ಚಲಿಗೆ ಒರಟು ಕಲ್ಲು ಹಾಕಿಸಿದೆ. ಅಮ್ಮಿ ಮಳೆಗಾಲದಿಂದಲೇ ಜಾರುತ್ತದೆ ಅನ್ನುತ್ತಿದ್ದಳಂತೆ.

ನವೆಂಬರ್ ೨೫, ಮಂಗಳವಾರ

ಎರಡು ಪಂದ್ಯ, ಎರಡೂ ಗೆಲುವು. ನಾನು ಆಡಿದ ಮಾತು ಬೆರಳಲ್ಲಿ ಎಣಿಸುವಷ್ಟು.

ಶಿವಪುತ್ರಪ್ಪ ಘಟ್ಟದ ಕೆಳಗಿನಿಂದ ತಾನೇ ಫೋನು ಮಾಡಿ, "ಸಾಹೇಬ್ರ, ಎಲ್ಡ್ ದಿವ್ಸ ಆತು, ನಿಮ್ಮ ಫೋನ ಇಲ್ಲ. ಆರಾಮ ಅದೀರಿಲ್ರಿ?" ಎಂದು ಕೇಳಿದ. ಟಯರಿನ ವಿಷಯ ಹೇಳಿದ, ಆಮೇಲೆ ಮಗಳಿಗೆ ಗಂಡು ನೋಡುತ್ತಿರುವ ವಿಷಯವನ್ನೂ ಹೇಳಿದ. ಅವನಿಗೆ ಮಗಳಿರುವುದೇ ನನಗೆ ಗೊತ್ತಿರಲಿಲ್ಲ. ಕೇಳುತ್ತಾ ಕೇಳುತ್ತಾ ನನ್ನ ಚಹಾ ಆರಿಹೋಯಿತು.

ನವೆಂಬರ್ ೨೮, ಶುಕ್ರವಾರ

ಅಭ್ಯಾಸ ಆಯಿತು. ಗೆದ್ದೆವು. ನಾನು ಮಾತಾಡಲೇ ಇಲ್ಲ. ಅಗತ್ಯ ಬೀಳಲಿಲ್ಲ.

ಮುಮ್ತಾಜ್ ಹಣೆ ಮುಟ್ಟಿ ನೋಡಿದಳು, ಜ್ವರವಿದೆಯೇ ಎಂದು.

ನವೆಂಬರ್ ೩೦, ಭಾನುವಾರ

ಬಂದು ಕೈಕಾಲು ತೊಳೆದು ಕೂತಿದ್ದೇನೆ.

ಶಿರಸಿಯ ಒಂದು ಕಲ್ಯಾಣ ಮಂಟಪ. ವಧೂವರರು ಕೂರುವ ವೇದಿಕೆಯ ಮೇಲೆ ಆ ಕಡೆ ನಾಲ್ಕು ಕುರ್ಚಿ, ಈ ಕಡೆ ನಾಲ್ಕು. ಹಿಂದೆ ದೊಡ್ಡ ಪರದೆ. ಕೆಳಗೆ ಜನ ಕಿಕ್ಕಿರಿದಿದ್ದರು. ಎದುರಾಳಿಗಳು ಕುಮಟಾದ ಕಾಲೇಜು ಹುಡುಗರು. ಮೊದಲ ಎರಡು ಸುತ್ತು ಅವರಿಗೆ, ಆಮೇಲಿನ ಎರಡು ನಮಗೆ. ಕೊನೆಯ ಸುತ್ತಿನ ಮೇಲೆ ಎಲ್ಲಾ ನಿಂತಿತು.

ಚೌಡ ಮೊದಲೇ ಬಿದ್ದ. "ನಾ ಹೋದೆ, ಬಾಗಿಲಲ್ಲಿ ಇಬ್ರು" ಎಂದು ಹೇಳಿಯೇ ಹೋದ. ಕಾವ್ಯಶ್ರೀ ಆ ಇಬ್ಬರನ್ನೂ ಹೊಡೆದಳು. "ಸತ್ತೆ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿ ಸತ್ತಳು. ಉದಯ ಇನ್ನೊಬ್ಬನನ್ನು ಕೆಡವಿದ. ಉಳಿದದ್ದು ಅವರ ಕಡೆ ಒಬ್ಬ, ನಮ್ಮ ಕಡೆ ಉದಯ ಮತ್ತು ನಾನು. ಉದಯ ಗೋದಾಮಿನ ಒಳಗೆ. ನಾನು ಹೊರಗೆ ನೀರಿನ ಟ್ಯಾಂಕಿನ ಹಿಂದೆ, ಬಂದೂಕಿನಲ್ಲಿ ಗುಂಡು ಖಾಲಿ.

ಆಗ ಕಂಡೆ. ಆ ಕೊನೆಯವನು ಏಣಿ ಹತ್ತಿ ಗೋದಾಮಿನ ಮಾಡಿನ ಮೇಲೆ ಹೋದ. ಉದಯನ ತಲೆಯ ಮೇಲೇ ತಗಡು ಒಂದು ಕಡೆ ತೆರೆದಿತ್ತು, ಅವನು ಅಲ್ಲಿಗೇ ತೆವಳುತ್ತಿದ್ದ.

ಹೇಳಬೇಕಿತ್ತು. ಬಾಯಿಯವರೆಗೆ ಬಂತು. ಆದರೆ ಉದಯ ಕಿವಿಗೊಟ್ಟು ಹೆಜ್ಜೆ ಸದ್ದು ಹುಡುಕುತ್ತಿದ್ದಾನೆ, ನಾನು ಮಾತಾಡಿದರೆ ಅದು ತಪ್ಪುತ್ತದೆ, ಅವನಿಗೇ ಗೊತ್ತಾಗುತ್ತದೆ, ಜಾಣ ಹುಡುಗ, ನಾನು ನಡುವೆ ಬಾಯಿ ಹಾಕಬಾರದು ಅನ್ನಿಸಿತು. ತುಟಿ ಬಿಗಿಹಿಡಿದೆ.

"ಅಣ್ಣ?" ಎಂದ ಉದಯ.

ನಾನು ಸುಮ್ಮನಿದ್ದೆ.

"ಅಣ್ಣ, ಎಲ್ಲಿದ್ದ ಅಂವ? ನಿಮಗೆ ಕಾಣ್ತಾ?"

ನಾನು ಸುಮ್ಮನೇ ಇದ್ದೆ.

"ಹೇಳಾ ಜಲೀಲಾ!"

ಮಂಟಪ ನಡುಗುವಂತೆ ಕೂಗಿದ. ಕೈ ಜೋಡಿಸಿಕೊಂಡು ಮಾತಾಡುವ ಉದಯ! "ಹೇಳಾ! ಎಲ್ಲಿದ್ದ ಅಂವ? ಬಾಯಲ್ಲಿ ಕವಳ ಇದ್ದನಾ ನಿಂಗೆ?"

ನನಗೆ ಸಿಡಿಲು ಬಡಿದ ಹಾಗಾಯಿತು. ಬಾಯಿ ತೆರೆದೆ, "ಮಾ..." ಎಂದೆ. ಮಾಡಿನ ಮೇಲೆ ಎನ್ನುವಷ್ಟರಲ್ಲಿ ಮೇಲಿನಿಂದ ಗುಂಡು ಬಿತ್ತು. ಉದಯ ಹೋದ. ಆಮೇಲೆ ಬರಿಗೈಯಲ್ಲಿ ನಿಂತಿದ್ದ ನಾನೂ ಹೋದೆ. ಕುಮಟಾದ ಹುಡುಗರು ಕುರ್ಚಿಯ ಮೇಲೆ ಹತ್ತಿ ಕುಣಿದರು.

ಉದಯ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದು ನನ್ನೆದುರು ಬಂದು ನಿಂತ. ಹೊಡೆಯುತ್ತಾನೆ ಅನ್ನಿಸಿತು. "ಕಣ್ಣೆದ್ರಿಗೆ ಕಂಡಿದ್ದು ಹೇಳಲೆ ಆಗ್ತಿಲ್ಯನಾ ನಿಂಗೆ? ಆನು ಎಷ್ಟು ಸಲ ಕೇಳಿದೆ! ನಿನ್ನ ನಂಬ್ಕಂಡು ನಿಂತಿದ್ದಿ ಆನು!" ಚೌಡನೂ ಸೇರಿಕೊಂಡ: "ಬೇಡದಿದ್ದಾಗ ಊರು ಹಾರಿಹೋಗುವಂಗೆ ಕೂಗ್ತಿದ್ದೆ, ಬೇಕಾದಾಗ ಮೂಗನಾದ್ಯಲ್ಲ ಮಾರಾಯಾ!" ಕಾವ್ಯಶ್ರೀ ನನ್ನ ತೋಳು ಹಿಡಿದು ಅಲ್ಲಾಡಿಸಿ, "ಎಂತಕ್ಕೆ ಸುಮ್ಮನಾದೆ ಅಣ್ಣ? ಎಂತಕ್ಕೆ?" ಎಂದಳು. ಮೈಕು ಹಿಡಿದ ನಿರೂಪಕ ಬಾಯಿ ತೆರೆದು ನಿಂತಿದ್ದ. ಇಡೀ ಮಂಟಪ ನೋಡುತ್ತಿತ್ತು.

ನನ್ನನ್ನು ಹೀಗೆ ಹುಡುಗರು ನಾಲ್ಕು ಜನರೆದುರು ಏಕವಚನದಲ್ಲಿ ಬೈದರೆ ನಾನು ಏನು ಮಾಡುವವನು ಎಂದು ಯಲ್ಲಾಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಸಿಟ್ಟು ಬರಲಿಲ್ಲ. ಒಂದೊಂದು ಮಾತೂ ಕೇಳಿದೆ.

ಬಸ್‌ಸ್ಟ್ಯಾಂಡಿನವರೆಗೂ ಉದಯ ಬೈಯುತ್ತಲೇ ಬಂದ, ನನ್ನ ಚೀಲ ಹೊತ್ತುಕೊಂಡು. ಯಲ್ಲಾಪುರದ ಬಸ್ಸು ಹೊರಟೇ ಬಿಟ್ಟಿತ್ತು. ಓಡಿ ಹತ್ತಿದೆ. ಅವನು ಕಿಟಕಿಯಿಂದ ಚೀಲ ತುರುಕಿ, ಬಸ್ಸಿನ ಪಕ್ಕ ಓಡುತ್ತಾ ಇನ್ನೂ ಏನೋ ಕೂಗಿದ. ಎಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ. ಅವನ ಬಾಯಿ ಮಾತ್ರ ಕಂಡಿತು.

ಊರು ದಾಟುವವರೆಗೆ ತಡೆದುಕೊಂಡೆ. ಆಗಲಿಲ್ಲ. ಫೋನು ಹಚ್ಚಿದೆ.

"ಕೊನೆಗೆ ಏನಂದೆ? ಕೇಳಲಿಲ್ಲ."

"ಎಂತ ಇಲ್ಲೆ ಅಣ್ಣ" ಎಂದ. ಅಷ್ಟರಲ್ಲಿ ತಣ್ಣಗಾಗಿಬಿಟ್ಟಿದ್ದ. "ಸಿಟ್ಟಲ್ಲಿ ಎಂತೆಂತೋ ಹೇಳಿದೆ, ನೀವು ಮನಸ್ಸಿಗೆ ಹಚ್ಕಬೇಡಿ..."

"ಅದು ಬೇಡ. ಕಿಟಕಿಯ ಹತ್ತಿರ ಏನು ಅಂದೆಯೋ ಅದನ್ನು ಹೇಳು. ಅಂದ ಹಾಗೇ ಹೇಳು."

ಆ ಕಡೆಯಿಂದ ಬಸ್‌ಸ್ಟ್ಯಾಂಡಿನ ಗದ್ದಲ ಮಾತ್ರ ಕೇಳುತ್ತಿತ್ತು. ಕಾದೆ. ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದೆ.

"ನಿನ್ನ ಮಾತು ಬೇಕಾಗಿತ್ತು ಜಲೀಲಾ" ಎಂದ. ದನಿ ಒಡೆದಿತ್ತು. "ಇವತ್ತು ಎಂಗ್ಳಿಗೆ ನಿನ್ನ ಮಾತು ಬೇಕಾಗಿತ್ತು."

ಅಷ್ಟು ಜನರ ನಡುವೆ ಸೀಟು ಬಿಟ್ಟು ಎದ್ದು ನಿಂತುಬಿಟ್ಟೆ. ಕಂಡಕ್ಟರು ನನ್ನ ಮುಖ ನೋಡಿ ಸೀಟಿ ಬಾಯಿಯ ಹತ್ತಿರ ತಂದು, "ಎಂತ, ಇಲ್ಲೇ ಇಳಿತ್ರಾ?" ಎಂದ.

ಇಲ್ಲ, ಯಲ್ಲಾಪುರಕ್ಕೇ ಎಂದೆ. ಆಮೇಲೂ ಬಹಳ ಹೊತ್ತು ಕೂರಲಾಗಲಿಲ್ಲ.